ಜನಾಂಗೀಯ ಅಧ್ಯಯನ ಓದಿದವರು ಮುಂದೆ ಏನಾಗುತ್ತಾರೆ?

ಕ್ರಿಸ್ಮಸ್ ರಜೆಗೆ ವಿದೇಶದಿಂದ ಊರಿಗೆ ಬರುವ ಕುಟುಂಬಗಳನ್ನು ನಾವೆಲ್ಲರೂ ಬಲ್ಲೆವು. ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಜನ ನಿಂತು ಮಾತನಾಡುವಾಗ ಅವರ ಸುತ್ತ ಯಾವಾಗಲೂ ನಾಲ್ಕು ಮಂದಿ ಹೆಚ್ಚು. ಕೆಲವು ಸಮಯದ ಹಿಂದೆ ಅಂಥದ್ದೇ ಒಂದು ಗುಂಪಿನಲ್ಲಿ ನಾವೂ ಇದ್ದೆವು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ 18 ವರ್ಷದ ಹುಡುಗಿಯೊಬ್ಬಳು ವಿಶ್ವವಿದ್ಯಾನಿಲಯದಲ್ಲಿ 'ಎತ್ನಿಕ್ ಸ್ಟಡೀಸ್' ಓದಬೇಕೆಂದು ಹಟ ಹಿಡಿದಿದ್ದಳು. ಅಪ್ಪನಿಗೆ ಮಗಳು ಕಂಪ್ಯೂಟರ್ ಕಲಿಯಬೇಕೆಂಬ ಆಸೆ. ಅಮ್ಮ ಇಬ್ಬರ ನಡುವೆ ಸುಮ್ಮನೆ ನಿಂತಿದ್ದರು. ಕೊನೆಗೆ ಅಜ್ಜಿಯೇ ಬಾಯಿ ಬಿಟ್ಟರು: "ಅದೆಂತ ಓದು ಪುತಾ? ಅದು ಕಲಿತರೆ ಎಂತ ಕೆಲಸ ಸಿಗ್ತದೆ?"

ಎಲ್ಲರೂ ನಕ್ಕರು. ಆದರೆ ಯಾರೂ ಉತ್ತರ ಕೊಡಲಿಲ್ಲ. ಹುಡುಗಿ "ಅಜ್ಜೀ, ಅದು ಕೆಲಸಕ್ಕಾಗಿ ಅಲ್ಲ" ಎಂದಳು. ಅಪ್ಪ "ಫೀಸು ಮಾತ್ರ ಕೆಲಸದ ಸಂಬಳದಿಂದಲೇ ಕಟ್ಟಬೇಕಲ್ಲ" ಎಂದರು. ಎರಡೂ ಮಾತಿನಲ್ಲಿ ಸತ್ಯವಿತ್ತು. ನಮ್ಮನ್ನು ಕೇಳಿದಾಗ ನಮಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ.

ಆ ಪ್ರಶ್ನೆ ಒಂದು ಮನೆಯದ್ದು ಮಾತ್ರವಲ್ಲ. ಈ ಓದು ಬೇಕೇ ಬೇಡವೇ ಎಂಬುದು ಅಮೆರಿಕದಲ್ಲಿ ವಿಧಾನಸಭೆ, ನ್ಯಾಯಾಲಯ, ಶಾಲಾ ಮಂಡಳಿಗಳ ಜಗಳವಾಗಿ ಬೆಳೆದಿದೆ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಆ ದೇಶದ ತರಗತಿಗಳಲ್ಲಿ ಕುಳಿತಿರುವುದರಿಂದ ಆ ಜಗಳ ನಮ್ಮ ಮನೆಯ ಜಗಲಿಗೂ ಬಂದು ಮುಟ್ಟಿದೆ. ಆದ್ದರಿಂದ ಅಜ್ಜಿಯ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ಉತ್ತರ ಹುಡುಕುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇವೆ.

ಮುಷ್ಕರದಲ್ಲಿ ಹುಟ್ಟಿದ ವಿಷಯ

ಎತ್ನಿಕ್ ಸ್ಟಡೀಸ್ ಎಂಬುದನ್ನು ಕನ್ನಡದಲ್ಲಿ ಜನಾಂಗೀಯ ಅಧ್ಯಯನ ಎನ್ನಬಹುದು. ಅಮೆರಿಕದಲ್ಲಿ ಇದಕ್ಕೆ ಮುಖ್ಯವಾಗಿ ನಾಲ್ಕು ಶಾಖೆಗಳಿವೆ: ಮೂಲನಿವಾಸಿಗಳು, ಆಫ್ರಿಕನ್ ಮೂಲದವರು, ಮೆಕ್ಸಿಕೊ ಮತ್ತು ಲ್ಯಾಟಿನ್ ಅಮೆರಿಕ ಮೂಲದವರು, ಏಷ್ಯಾ ಮೂಲದವರು. ಈ ಸಮುದಾಯಗಳ ಚರಿತ್ರೆ, ಸಾಹಿತ್ಯ, ದುಡಿಮೆ, ಅವರ ಮೇಲೆ ಪರಿಣಾಮ ಬೀರಿದ ಕಾನೂನು ಇವನ್ನೆಲ್ಲ ಒಟ್ಟಿಗೆ ಇಟ್ಟು ಓದುವ ವಿಷಯವಿದು. ಇತಿಹಾಸ, ಸಮಾಜಶಾಸ್ತ್ರ, ಕಾನೂನು, ಸಾಹಿತ್ಯ ನಾಲ್ಕೂ ಇದರಲ್ಲಿ ಸ್ವಲ್ಪ ಸ್ವಲ್ಪ ಇವೆ.

ಹೆಚ್ಚಿನ ವಿಷಯಗಳನ್ನು ವಿಶ್ವವಿದ್ಯಾನಿಲಯಗಳು ತಾವಾಗಿಯೇ ಆರಂಭಿಸುತ್ತವೆ. ಇದನ್ನು ವಿದ್ಯಾರ್ಥಿಗಳು ಹೋರಾಡಿ ಪಡೆದರು. 1968ರ ನವೆಂಬರ್ 6ರಂದು ಆಗಿನ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘ ಮತ್ತು ತೃತೀಯ ವಿಶ್ವ ವಿಮೋಚನಾ ರಂಗ ಎಂಬ ಒಕ್ಕೂಟ ಸೇರಿ ಮುಷ್ಕರ ಹೂಡಿದವು. ತಮ್ಮ ಸಮುದಾಯದ ಹೆಚ್ಚು ಮಕ್ಕಳಿಗೆ ಪ್ರವೇಶ ಸಿಗಬೇಕು, ತಮ್ಮವರೂ ಪ್ರಾಧ್ಯಾಪಕರಾಗಬೇಕು, ಪಾಠದಲ್ಲಿ ತಮ್ಮ ಚರಿತ್ರೆಯೂ ಇರಬೇಕು ಎಂಬುದು ಅವರ ಬೇಡಿಕೆ. ಸುಮಾರು ಐದು ತಿಂಗಳು ನಡೆದ ಈ ಮುಷ್ಕರದಲ್ಲಿ ಪೊಲೀಸರು ಲಾಠಿ ಬೀಸಿದರು, ನೂರಾರು ಮಂದಿ ಬಂಧಿತರಾದರು. ಆಗ ಕಾಲೇಜಿನ ಹಂಗಾಮಿ ಅಧ್ಯಕ್ಷರಾಗಿದ್ದ ಎಸ್. ಐ. ಹಯಕಾವಾ ಅವರು ಸ್ವತಃ ಜಪಾನಿ ಮೂಲದವರು. ಅವರು ಮುಷ್ಕರವನ್ನು ಕಟುವಾಗಿ ವಿರೋಧಿಸಿದರು, ಮುಂದೆ ಅಮೆರಿಕದ ಸೆನೆಟ್ ಸದಸ್ಯರೂ ಆದರು. ಒಂದೇ ಮೂಲದವರೆಲ್ಲ ಒಂದೇ ರೀತಿ ಯೋಚಿಸುವುದಿಲ್ಲ ಎಂಬುದಕ್ಕೆ ಇದೂ ಒಂದು ಉದಾಹರಣೆ.

1969ರ ಮಾರ್ಚ್‌ನಲ್ಲಿ ರಾಜಿಯಾಯಿತು. ಅದೇ ವರ್ಷ ಅಲ್ಲಿ ಜನಾಂಗೀಯ ಅಧ್ಯಯನದ ಪ್ರತ್ಯೇಕ ಶಾಲೆ ತೆರೆಯಿತು. ಆ ದೇಶದಲ್ಲಿ ಇಂಥದ್ದು ಅದೇ ಮೊದಲು. ಪಕ್ಕದ ಬರ್ಕ್ಲಿಯಲ್ಲಿಯೂ 1969ರ ಆರಂಭದಲ್ಲಿ ಮುಷ್ಕರ ನಡೆದು, ಆ ವರ್ಷವೇ ವಿಭಾಗ ಸ್ಥಾಪನೆಯಾಯಿತು. ಅಲ್ಲಿಂದ ಈ ವಿಷಯ ದೇಶದ ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಹರಡಿತು.

ಪಾಠದಲ್ಲಿ ಏನಿದೆ?

ಇದು ಬೇರೆಯವರ ಕಥೆ, ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಹಾಗಲ್ಲ ಎನ್ನುವುದಕ್ಕೆ ಎರಡು ಪ್ರಸಂಗಗಳು ಸಾಕು.

ಭಗತ್ ಸಿಂಗ್ ಥಿಂಡ್ ಪಂಜಾಬಿನವರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅವರು ಪೌರತ್ವ ಕೇಳಿದಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗಿನ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ ಪಡೆಯುವ ಅವಕಾಶವಿತ್ತು. ಭಾರತೀಯರು ಆ ಅರ್ಥದಲ್ಲಿ ಬಿಳಿಯರಲ್ಲ ಎಂದು 1923ರಲ್ಲಿ ತೀರ್ಪು ಬಂತು. ಅದರ ಬೆನ್ನಿಗೆ ಮೊದಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವವೂ ರದ್ದಾಯಿತು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ಹಾಗಾಗಿ ದುಡಿದು ಮಾಡಿದ ಹೊಲವೂ ಹಲವರ ಕೈತಪ್ಪಿತು. 1946ರ ಲೂಸ್-ಸೆಲ್ಲರ್ ಕಾಯಿದೆಯ ನಂತರವೇ ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆಯಿತು. ಆಗಲೂ ವರ್ಷಕ್ಕೆ 100 ಮಂದಿಗೆ ಮಾತ್ರ ವಲಸೆಯ ಅವಕಾಶ.

ಇದೇ ಕಾಲದಲ್ಲಿ ದಲೀಪ್ ಸಿಂಗ್ ಸೌಂದ್ ಎಂಬವರು ಬರ್ಕ್ಲಿಯಲ್ಲಿ ಗಣಿತ ಓದಿ 1924ರಲ್ಲಿ ಡಾಕ್ಟರೇಟ್ ಪಡೆದರು. 'ಸ್ಕೋಪ್ ಇರುವ ಓದು' ಎಂದರೆ ಗಣಿತಕ್ಕಿಂತ ಬೇರೆ ಯಾವುದು ಬೇಕು? ಆದರೆ ಅವರು ಬದುಕು ಕಟ್ಟಿಕೊಂಡದ್ದು ಇಂಪೀರಿಯಲ್ ಕಣಿವೆಯ ಹೊಲಗಳಲ್ಲಿ ಬೇಸಾಯ ಮಾಡಿ. ಪೌರತ್ವ ಸಿಕ್ಕಿದ್ದು 1949ರಲ್ಲಿ. 1956ರಲ್ಲಿ ಅವರು ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಏಷ್ಯಾ ಮೂಲದವರೊಬ್ಬರು ಆ ಸಭೆಗೆ ಹೋದದ್ದು ಅದೇ ಮೊದಲು. ಪದವಿ ಒಂದೇ ಮನುಷ್ಯನನ್ನು ಮೇಲೆ ತರುವುದಿಲ್ಲ, ಕಾನೂನು ಬಾಗಿಲು ಮುಚ್ಚಿದ್ದರೆ ಡಾಕ್ಟರೇಟ್ ಇದ್ದವನೂ ಹೊರಗೇ ನಿಲ್ಲುತ್ತಾನೆ ಎಂಬುದನ್ನು ಅವರ ಬದುಕು ತೋರಿಸುತ್ತದೆ.

ಇನ್ನೊಂದು ಪ್ರಸಂಗ 1965ರದ್ದು. ಆ ವರ್ಷ ಸೆಪ್ಟೆಂಬರ್ 8ರಂದು ನಮ್ಮ ಇಗರ್ಜಿಗಳಲ್ಲಿ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸಿ, ಹೊಸ ತೆನೆ ಮನೆಗೆ ತಂದು ಮೊಂತಿ ಫೆಸ್ತ್ ಆಚರಿಸುತ್ತಿದ್ದರು. ಅದೇ ದಿನ ಕ್ಯಾಲಿಫೋರ್ನಿಯಾದ ಡೆಲಾನೊ ಎಂಬಲ್ಲಿ ಫಿಲಿಪೈನ್ಸ್ ಮೂಲದ ದ್ರಾಕ್ಷಿ ತೋಟದ ಕೂಲಿಗಳು ಲ್ಯಾರಿ ಇಟ್ಲಿಯಾಂಗ್ ಮೊದಲಾದವರ ನಾಯಕತ್ವದಲ್ಲಿ ಕೆಲಸ ನಿಲ್ಲಿಸಿದರು. ಎಂಟು ದಿನಗಳಲ್ಲಿ ಮೆಕ್ಸಿಕನ್ ಮೂಲದ ಕಾರ್ಮಿಕರು ಜೊತೆಗೂಡಿದರು. ಇಬ್ಬರಲ್ಲೂ ಹೆಚ್ಚಿನವರು ಕಥೋಲಿಕರೇ. 1966ರಲ್ಲಿ ಅವರು ಗ್ವಾದಲೂಪೆ ಮಾತೆಯ ಪತಾಕೆ ಹಿಡಿದು ರಾಜಧಾನಿ ಸ್ಯಾಕ್ರಮೆಂಟೊಗೆ ಸುಮಾರು 300 ಮೈಲಿ ನಡೆದು ಈಸ್ಟರ್ ಭಾನುವಾರ ತಲುಪಿದರು. ಐದು ವರ್ಷದ ಹೋರಾಟದ ನಂತರ 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಬದುಕಿ ತೋರಿಸಿದ ಈ ಕಥೆಯನ್ನು ನಮ್ಮ ಧರ್ಮೋಪದೇಶ ತರಗತಿಯಲ್ಲಿ ನಾವು ಕೇಳಿದವರಲ್ಲ. ಆ ಹುಡುಗಿ ಅದನ್ನು ಶಾಲೆಯ ಜನಾಂಗೀಯ ಅಧ್ಯಯನದ ತರಗತಿಯಲ್ಲಿ ಕೇಳಿದ್ದಳು.

1965ರ ಅಕ್ಟೋಬರ್‌ನಲ್ಲಿ ಬಂದ ಹೊಸ ವಲಸೆ ಕಾಯಿದೆಯೂ ಇಂಥ ಪಾಠದ ಭಾಗ. ಮೂಲ ದೇಶ ನೋಡಿ ಜನರನ್ನು ಅಳೆಯುವ ಹಳೆಯ ಪದ್ಧತಿಯನ್ನು ಅದು ಕೈಬಿಟ್ಟಿತು. ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ಸೃಷ್ಟಿಸಿದ ವಾತಾವರಣದಲ್ಲಿ ಬಂದ ಕಾಯಿದೆ ಅದು. ನಮ್ಮ ಊರುಗಳಿಂದ ಅಲ್ಲಿಗೆ ಹೋದ ನರ್ಸ್‌ಗಳು, ವೈದ್ಯರು, ಇಂಜಿನಿಯರ್‌ಗಳು ದಾಟಿದ ಬಾಗಿಲು ಅದೇ. 'ನಾವು ಕಷ್ಟಪಟ್ಟು ಓದಿ ಬಂದೆವು' ಎನ್ನುವುದು ನಿಜ. ಆ ಬಾಗಿಲನ್ನು ತೆರೆಸಲು ಬೇರೆಯವರು ಪೆಟ್ಟು ತಿಂದಿದ್ದರು ಎನ್ನುವುದೂ ಅಷ್ಟೇ ನಿಜ.

ಹಾಗಾದರೆ ಕೆಲಸ?

ಈಗ ಅಜ್ಜಿಯ ಎರಡನೆಯ ಪ್ರಶ್ನೆ. ನೇರವಾಗಿ ಹೇಳುವುದಾದರೆ, ಈ ಪದವಿಯ ಹೆಸರಿನಲ್ಲೇ ಕರೆಯುವ ಹುದ್ದೆಗಳು ಕಡಿಮೆ. ನರ್ಸಿಂಗ್ ಓದಿದವರು ನರ್ಸ್ ಆಗುವ ಹಾಗೆ ಇದನ್ನು ಓದಿದವರಿಗೆ ಒಂದೇ ಒಂದು ನೇರ ದಾರಿ ಇಲ್ಲ. ಆದರೆ ದಾರಿಗಳೇ ಇಲ್ಲ ಎನ್ನುವುದು ತಪ್ಪು.

ಮೊದಲನೆಯದು ಬೋಧನೆ. ಕ್ಯಾಲಿಫೋರ್ನಿಯಾ 2020ರಲ್ಲಿ ಮಾಡಿದ ಕಾಯಿದೆಯೊಂದರಿಂದ, ಆಗ 23 ಕ್ಯಾಂಪಸ್‌ಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆಯಲು ಪ್ರತಿಯೊಬ್ಬನೂ ಈ ವಿಷಯದ ಒಂದು ಕೋರ್ಸ್ ಓದುವುದು ಕಡ್ಡಾಯವಾಯಿತು. ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳೂ ಈ ಕೋರ್ಸ್ ಕೊಡಬೇಕಾಯಿತು. ಆ ರಾಜ್ಯದಲ್ಲಿ ಅಂಥ ಕಾಲೇಜುಗಳು 116 ಇವೆ. ಅಲ್ಲಿ ಪಾಠ ಮಾಡಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಸಾಕು. ನಾಲ್ಕು ವರ್ಷದ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಧ್ಯಾಪಕರಾಗಲು ಡಾಕ್ಟರೇಟ್ ಬೇಕು, ಸ್ಪರ್ಧೆಯೂ ಬಹಳ. ಪ್ರೌಢಶಾಲೆಯಲ್ಲಿ ಕಲಿಸಲು ಪದವಿಯ ಮೇಲೆ ಶಿಕ್ಷಕರ ಪರವಾನಗಿಯನ್ನೂ ಪಡೆಯಬೇಕು.

ಎರಡನೆಯದು, ಈ ಓದನ್ನು ಇನ್ನೊಂದರ ಜೊತೆ ಜೋಡಿಸಿಕೊಳ್ಳುವುದು. ಕಾನೂನು ಓದಿ ವಲಸಿಗರ, ಕಾರ್ಮಿಕರ ಪರ ವಾದಿಸುವವರು, ಸಮಾಜಕಾರ್ಯ ಓದಿ ಕುಟುಂಬಗಳ ಜೊತೆ ಕೆಲಸ ಮಾಡುವವರು, ಸಾರ್ವಜನಿಕ ಆರೋಗ್ಯ ಓದಿ ಆಸ್ಪತ್ರೆಗೂ ಜನರಿಗೂ ನಡುವೆ ಸೇತುವೆಯಾಗುವವರು, ಪತ್ರಕರ್ತರು, ನಗರಸಭೆಯ ನೌಕರರು ಹೀಗೆ ಇದರ ಹಳೆಯ ವಿದ್ಯಾರ್ಥಿಗಳು ಹಲವೆಡೆ ಇದ್ದಾರೆ. ವೃದ್ಧ ರೋಗಿಯೊಬ್ಬರು ಔಷಧಿಯನ್ನು ಏಕೆ ತೆಗೆದುಕೊಳ್ಳುತ್ತಿಲ್ಲ ಎನ್ನುವುದಕ್ಕೆ ಕಾರಣ ಭಾಷೆಯೋ, ಭಯವೋ, ಹಣವೋ ಎಂದು ತಿಳಿಯಲು ಆ ಸಮುದಾಯವನ್ನು ಬಲ್ಲವರು ಬೇಕಾಗುತ್ತದೆ. ವಿದೇಶದ ಆಸ್ಪತ್ರೆಗಳಲ್ಲಿ ದುಡಿದ ನಮ್ಮ ನರ್ಸ್‌ಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಮೂರನೆಯದು ದಾಖಲೆ ಮತ್ತು ನೆನಪಿನ ಕೆಲಸ. ಇದಕ್ಕೆ ಜೂಡಿ ಯಂಗ್ ಅವರ ಬದುಕು ಒಳ್ಳೆಯ ಉದಾಹರಣೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ವಲಸಿಗರನ್ನು ತಡೆದು ವಿಚಾರಿಸುವ ಠಾಣೆ ಇತ್ತು. ಚೀನಾದಿಂದ ಬಂದ ಸಾವಿರಾರು ಜನ ಅಲ್ಲಿ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಬಂಧಿಯಾಗಿದ್ದರು. ಭಾರತೀಯರನ್ನೂ ಅಲ್ಲಿ ಇರಿಸಲಾಗಿತ್ತು. ಬಂಧಿಗಳು ತಮ್ಮ ಸಂಕಟವನ್ನು ಮರದ ಗೋಡೆಗಳ ಮೇಲೆ ಕವಿತೆಗಳಾಗಿ ಕೆತ್ತಿದ್ದರು. ಕೆಡವಿ ಹಾಕಬೇಕಿದ್ದ ಆ ಕಟ್ಟಡದಲ್ಲಿ 1970ರಲ್ಲಿ ಉದ್ಯಾನದ ಸಿಬ್ಬಂದಿಯೊಬ್ಬರ ಕಣ್ಣಿಗೆ ಅವು ಬಿದ್ದವು. ಜೂಡಿ ಯಂಗ್ ಆಗ ಗ್ರಂಥಪಾಲಕರು. ಅವರ ತಂದೆಯೂ ಅದೇ ದ್ವೀಪದ ಮೂಲಕ ಬಂದವರು. ಹಿಮ್ ಮಾರ್ಕ್ ಲಾಯ್ ಮತ್ತು ಜೆನ್ನಿ ಲಿಮ್ ಅವರೊಂದಿಗೆ ಸೇರಿ ಅವರು ಆ ಕವಿತೆಗಳನ್ನೂ ಅಲ್ಲಿದ್ದವರ ಬಾಯಿಮಾತುಗಳನ್ನೂ ಸಂಗ್ರಹಿಸಿ 1980ರಲ್ಲಿ 'ಐಲ್ಯಾಂಡ್' ಎಂಬ ಪುಸ್ತಕ ತಂದರು. ನಂತರ ಬರ್ಕ್ಲಿಯಲ್ಲಿ ಜನಾಂಗೀಯ ಅಧ್ಯಯನದಲ್ಲಿಯೇ 1990ರಲ್ಲಿ ಡಾಕ್ಟರೇಟ್ ಪಡೆದು ಸ್ಯಾಂಟಾ ಕ್ರೂಜ್‌ನಲ್ಲಿ ಪ್ರಾಧ್ಯಾಪಕರಾದರು. ಆ ಠಾಣೆ 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಮಾನ್ಯತೆ ಪಡೆಯಿತು. ಇಂದು ಶಾಲಾ ಮಕ್ಕಳು ದೋಣಿಯಲ್ಲಿ ಅಲ್ಲಿಗೆ ಹೋಗಿ ಗೋಡೆಗಳನ್ನು ನೋಡಿ ಬರುತ್ತಾರೆ. 2020ರಲ್ಲಿ ತೀರಿಕೊಂಡ ಜೂಡಿ ಯಂಗ್ ಈ ಓದಿನಿಂದ ಶ್ರೀಮಂತರಾದರೆಂದು ನಾವು ಹೇಳುವುದಿಲ್ಲ. ಆದರೆ ಅವರಂಥವರು ಇರದಿದ್ದರೆ ಒಂದಿಡೀ ತಲೆಮಾರಿನ ಕಣ್ಣೀರು ಕಟ್ಟಡದ ಜೊತೆಗೇ ನೆಲಸಮವಾಗುತ್ತಿತ್ತು.

ನಮ್ಮ ದೇಶದಿಂದ ಹೋದವರಿಗಾಗಿಯೂ ಇಂಥ ಕೆಲಸ ನಡೆಯುತ್ತಿದೆ. 2008ರಲ್ಲಿ ಆರಂಭವಾದ ದಕ್ಷಿಣ ಏಷ್ಯಾ ಅಮೆರಿಕನ್ ಡಿಜಿಟಲ್ ದಾಖಲಾಗಾರವು ಅಮೆರಿಕದಲ್ಲಿರುವ ಭಾರತೀಯ ಮತ್ತು ನೆರೆದೇಶಗಳ ಕುಟುಂಬಗಳ ಹಳೆಯ ಪತ್ರ, ಫೋಟೊ, ಕರಪತ್ರಗಳನ್ನು ಸಂಗ್ರಹಿಸಿ ಎಲ್ಲರಿಗೂ ನೋಡಲು ಇಟ್ಟಿದೆ.

ಹೆತ್ತವರು ತಿಳಿದಿರಬೇಕಾದ ಲೆಕ್ಕ

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಆ ಹುಡುಗಿ ಅಲ್ಲಿಯ ಪೌರಳು. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರ ಲೆಕ್ಕ ಬೇರೆ. 2025ರಲ್ಲಿದ್ದ ನಿಯಮದಂತೆ, ಪದವಿ ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಅಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಜನಾಂಗೀಯ ಅಧ್ಯಯನ ಆ ಪಟ್ಟಿಯಲ್ಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ವೀಸಾದ ಹಲವು ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆಯೂ ಹೊರಬಿತ್ತು. ಆದ್ದರಿಂದ ಮನೆ ಅಡವಿಟ್ಟು ಸಾಲ ಮಾಡಿ, ಕೆಲಸ ಸಿಕ್ಕಿ ತೀರಿಸುವೆ ಎಂಬ ಲೆಕ್ಕದಲ್ಲಿ ಇಲ್ಲಿಂದ ಈ ಪದವಿಗೆ ಹೋಗುವುದನ್ನು ನಾವು ಯಾರಿಗೂ ಸಲಹೆ ಮಾಡಲಾರೆವು. ಸಂಶೋಧನೆ ಮಾಡಬೇಕೆಂಬವರಿಗೆ ಡಾಕ್ಟರೇಟ್ ಹಂತದಲ್ಲಿ ಅಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳು ಫೀಸು ಮನ್ನಾ ಮಾಡಿ ಭತ್ಯೆ ಕೊಡುತ್ತವೆ. ಹೋಗುವುದಾದರೆ ಆ ದಾರಿಯನ್ನು ಹುಡುಕುವುದು ಲೇಸು.

ಅಲ್ಲಿಯೇ ಹುಟ್ಟಿದ ಮಕ್ಕಳಿಗೂ ಒಂದು ಮಾತು. ಇದರೊಂದಿಗೆ ಎರಡನೆಯ ವಿಷಯವನ್ನು ಸೇರಿಸಿ ಓದುವುದು ಜಾಣತನ. ಅಂಕಿಅಂಶ, ಆರೋಗ್ಯ, ಶಿಕ್ಷಣ, ಕಾನೂನಿನ ಪೂರ್ವಸಿದ್ಧತೆ ಯಾವುದಾದರೂ ಸರಿ. ಅಲ್ಲಿಯ ವಿಶ್ವವಿದ್ಯಾನಿಲಯಗಳು ಇದಕ್ಕೆ ಅವಕಾಶ ಕೊಡುತ್ತವೆ. ಮಗಳ ಆಸಕ್ತಿ ಮತ್ತು ಅಪ್ಪನ ಚಿಂತೆ ಎರಡಕ್ಕೂ ಒಂದೇ ಪದವಿಯಲ್ಲಿ ಜಾಗವಿದೆ.

ಈ ಓದಿನ ಮೇಲೆ ಎದ್ದ ಜಗಳ

ಇನ್ನು ಈ ವಿಷಯದ ಸುತ್ತ ನಡೆಯುತ್ತಿರುವ ಜಗಳವನ್ನು ನೋಡೋಣ. ಅರಿಜೋನಾದ ಟೂಸಾನ್ ನಗರದ ಶಾಲೆಗಳಲ್ಲಿ 1998ರಿಂದ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ತರಗತಿಗಳು ನಡೆಯುತ್ತಿದ್ದವು. ಇವು ಒಂದು ಜನಾಂಗದ ವಿರುದ್ಧ ದ್ವೇಷ ಬಿತ್ತುತ್ತವೆ ಎಂದು ಆರೋಪಿಸಿ 2010ರಲ್ಲಿ ಆ ರಾಜ್ಯ ಕಾನೂನು ಮಾಡಿತು. 2012ರ ಜನವರಿಯಲ್ಲಿ ತರಗತಿಗಳು ನಿಂತವು. ವಿದ್ಯಾರ್ಥಿಗಳು ಮತ್ತು ಹೆತ್ತವರು ನ್ಯಾಯಾಲಯಕ್ಕೆ ಹೋದರು. ಆ ಕಾನೂನಿನ ಹಿಂದೆ ಜನಾಂಗೀಯ ದ್ವೇಷವಿತ್ತು, ಅದು ಸಂವಿಧಾನಕ್ಕೆ ವಿರುದ್ಧ ಎಂದು 2017ರಲ್ಲಿ ನ್ಯಾಯಾಧೀಶ ಎ. ವಾಲೆಸ್ ತಾಶಿಮಾ ತೀರ್ಪು ಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರು ಎಂಬ ಒಂದೇ ಕಾರಣಕ್ಕೆ ಅಮೆರಿಕ ತನ್ನದೇ ಪೌರರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. ಬಾಲಕ ತಾಶಿಮಾ ಆಗ ಇದ್ದದ್ದು ಅದೇ ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ.

ಇಂಥ ತರಗತಿಯಿಂದ ಮಕ್ಕಳಿಗೆ ಲಾಭವಿದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. ಸ್ಟ್ಯಾನ್‌ಫರ್ಡ್‌ನ ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ ಅವರು ಸ್ಯಾನ್ ಫ್ರಾನ್ಸಿಸ್ಕೊದ ಕೆಲವು ಪ್ರೌಢಶಾಲೆಗಳಲ್ಲಿ ಕಲಿಕೆಯಲ್ಲಿ ಹಿಂದುಳಿದಿದ್ದ ಒಂಬತ್ತನೆಯ ತರಗತಿಯ ಮಕ್ಕಳನ್ನು ಗಮನಿಸಿದರು. ಈ ಪಾಠ ಕೇಳಿದವರ ಹಾಜರಾತಿ 21 ಶೇಕಡಾವಾರು ಅಂಶಗಳಷ್ಟು ಏರಿತು, 4ರ ಅಳತೆಯ ಸರಾಸರಿ ದರ್ಜೆ 1.4ರಷ್ಟು ಹೆಚ್ಚಿತು ಎಂದು ಅವರು 2016ರಲ್ಲಿ ಪ್ರಕಟಿಸಿದರು. ಅಧ್ಯಯನಕ್ಕೆ ಒಳಪಟ್ಟ ಮಕ್ಕಳ ಸಂಖ್ಯೆ ಚಿಕ್ಕದು, ಇದರಿಂದ ಇಡೀ ರಾಜ್ಯಕ್ಕೆ ತೀರ್ಮಾನ ಮಾಡುವುದು ಸರಿಯಲ್ಲ ಎಂಬ ಆಕ್ಷೇಪವೂ ಬಂದಿದೆ. ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತರಗತಿಯಲ್ಲಿ ತನ್ನವರ ಹೆಸರು ಕೇಳಿದ ಮಗು ಮರುದಿನ ಶಾಲೆಗೆ ಬರುತ್ತದೆ ಎಂಬುದನ್ನು ನಂಬಲು ನಮಗೆ ಕಷ್ಟವಾಗುವುದಿಲ್ಲ. ಆದರೆ ಒಳ್ಳೆಯ ಶಿಕ್ಷಕರಿಲ್ಲದಿದ್ದರೆ ಯಾವ ಪಠ್ಯವೂ ಆ ಕೆಲಸ ಮಾಡದು.

2021ರಲ್ಲಿ ಕ್ಯಾಲಿಫೋರ್ನಿಯಾ ಪ್ರೌಢಶಾಲೆಗಳಿಗೂ ಈ ವಿಷಯವನ್ನು ಕಡ್ಡಾಯ ಮಾಡುವ ಕಾಯಿದೆ ತಂದಿತು. 2025-26ರಿಂದ ಶಾಲೆಗಳು ಕೋರ್ಸ್ ಆರಂಭಿಸಬೇಕು, 2029-30ರಲ್ಲಿ ಮುಗಿಸುವವರು ಅದನ್ನು ಓದಿರಲೇಬೇಕು ಎಂದಿತ್ತು. ಆದರೆ ಸರ್ಕಾರ ಹಣ ಒದಗಿಸಿದರೆ ಮಾತ್ರ ಎಂಬ ಷರತ್ತೂ ಅದರಲ್ಲಿತ್ತು. 2025ರ ಬಜೆಟ್‌ನಲ್ಲಿ ಹಣ ಬರಲಿಲ್ಲ, ಹಾಗಾಗಿ ಆ ವರ್ಷ ಕಡ್ಡಾಯ ಜಾರಿಯಾಗಲಿಲ್ಲ. ಕೆಲವು ಶಾಲಾ ಜಿಲ್ಲೆಗಳು ತಾವಾಗಿ ನಡೆಸಿದವು, ಕೆಲವು ಕೈಬಿಟ್ಟವು. ಅತ್ತ ಫ್ಲೋರಿಡಾ 2023ರಲ್ಲಿ ಪ್ರೌಢಶಾಲೆಗಳಿಗಾಗಿ ರೂಪಿಸಿದ್ದ ಆಫ್ರಿಕನ್ ಅಮೆರಿಕನ್ ಅಧ್ಯಯನದ ಉನ್ನತ ಕೋರ್ಸನ್ನು ತಿರಸ್ಕರಿಸಿತು. ಕಡಿಮೆ ವಿದ್ಯಾರ್ಥಿಗಳಿರುವ ಪದವಿಗಳನ್ನು ನಿಲ್ಲಿಸಲು ಅಥವಾ ವಿಲೀನ ಮಾಡಲು ಒತ್ತಾಯಿಸುವ ಕಾನೂನು 2025ರಲ್ಲಿ ಇಂಡಿಯಾನಾದಲ್ಲಿ ಬಂತು. ಇಂಥ ಚಿಕ್ಕ ವಿಭಾಗಗಳಿಗೆ ಮೊದಲ ಪೆಟ್ಟು ಬೀಳುವುದು ಸಹಜ.

ವಿರೋಧಿಗಳ ಮಾತನ್ನೂ ಕೇಳಬೇಕು. ಮಕ್ಕಳನ್ನು ಶೋಷಕರು, ಶೋಷಿತರು ಎಂದು ಎರಡು ಬೆಂಚುಗಳಲ್ಲಿ ಕೂರಿಸಿದರೆ ಗಾಯ ಮಾಯುವ ಬದಲು ಹೊಸ ಗಾಯವಾದೀತು ಎಂಬ ಹೆದರಿಕೆ ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಮಾದರಿ ಪಠ್ಯದ 2019ರ ಮೊದಲ ಕರಡಿಗೆ ಯಹೂದಿ ಸಂಘಟನೆಗಳೂ ಸೇರಿ ಹಲವರು ಆಕ್ಷೇಪ ಎತ್ತಿದರು. ಹಲವು ಬಾರಿ ತಿದ್ದಿದ ನಂತರ 2021ರ ಮಾರ್ಚ್‌ನಲ್ಲಿ ಅದು ಅಂಗೀಕಾರವಾಯಿತು. ತಿದ್ದುಪಡಿಗೆ ಒಪ್ಪುವ ಪಠ್ಯವೇ ಉಳಿಯುವ ಪಠ್ಯ. ಆದರೆ ಕೆಟ್ಟದಾಗಿ ಕಲಿಸಬಹುದು ಎಂಬ ಕಾರಣಕ್ಕೆ ಕಲಿಸುವುದನ್ನೇ ನಿಲ್ಲಿಸಬೇಕು ಎಂಬ ವಾದವನ್ನು ನಾವು ಒಪ್ಪುವುದಿಲ್ಲ.

ಹಳೆಯ ಚರಿತ್ರೆ ಇಂದು ಮತ್ತೆ ಬಾಗಿಲು ಬಡಿಯುತ್ತಿರುವಾಗ ಇದು ಇನ್ನೂ ಮುಖ್ಯ. ಅಮೆರಿಕದ ನೆಲದಲ್ಲಿ ಹುಟ್ಟಿದವರು ಅಮೆರಿಕದ ಪೌರರು ಎಂಬುದು ಚೀನೀ ಮೂಲದ ವಾಂಗ್ ಕಿಮ್ ಆರ್ಕ್ ಅವರ ಪ್ರಕರಣದಲ್ಲಿ 1898ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮಾತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅದಕ್ಕೆ ಮಿತಿ ಹಾಕುವ ಆದೇಶ ಹೊರಡಿಸಿದರು. ತಾತ್ಕಾಲಿಕ ವೀಸಾದಲ್ಲಿರುವ ದಂಪತಿಗೆ ಅಲ್ಲಿ ಹುಟ್ಟುವ ಮಗುವೂ ಅದರ ವ್ಯಾಪ್ತಿಗೆ ಬರುತ್ತಿತ್ತು. ನ್ಯಾಯಾಲಯಗಳು ಕೂಡಲೇ ಅದಕ್ಕೆ ತಡೆ ಕೊಟ್ಟವು, ವ್ಯಾಜ್ಯ ಮುಂದುವರಿಯಿತು. ಆ ದಿನಗಳಲ್ಲಿ ಅಲ್ಲಿದ್ದ ನಮ್ಮ ಎಷ್ಟೋ ಕುಟುಂಬಗಳಿಗೆ ವಾಂಗ್ ಕಿಮ್ ಆರ್ಕ್ ಎಂಬ ಹೆಸರು ಮೊದಲ ಬಾರಿಗೆ ಕಿವಿಗೆ ಬಿತ್ತು. ಜನಾಂಗೀಯ ಅಧ್ಯಯನ ಓದಿದ ಮಕ್ಕಳಿಗೆ ಅದು ಮೊದಲೇ ಗೊತ್ತಿತ್ತು.

ಕನ್ನಡಿ ನಮ್ಮ ಕಡೆಗೂ ತಿರುಗುತ್ತದೆ

ಕೊನೆಯಲ್ಲಿ ಸ್ವಲ್ಪ ಕಹಿಯಾದ ಮಾತು. ಈ ಓದು ಬಿಳಿಯರ ತಪ್ಪುಗಳನ್ನು ಮಾತ್ರ ತೋರಿಸುವುದಿಲ್ಲ. ಅದು ಕಲಿತ ಮಗು ಮನೆಗೆ ಬಂದು ನಮ್ಮನ್ನೂ ಕೇಳುತ್ತದೆ. ಭಾರತೀಯರು ಜಾತಿಯನ್ನೂ ಸಮುದ್ರದಾಚೆಗೆ ಒಯ್ದಿದ್ದಾರೆ ಎಂಬ ಚರ್ಚೆ ಅಲ್ಲಿಯ ಕ್ಯಾಂಪಸ್‌ಗಳಲ್ಲಿ ಎದ್ದು, 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾನಿಲಯ ತನ್ನ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನೂ ಸೇರಿಸಿತು. ರಾಜ್ಯಮಟ್ಟದಲ್ಲಿ ಅಂಥದ್ದೇ ಮಸೂದೆ 2023ರಲ್ಲಿ ಅಂಗೀಕಾರವಾದರೂ, ಈಗಿರುವ ಕಾನೂನೇ ಸಾಕು ಎಂದು ರಾಜ್ಯಪಾಲರು ಅದಕ್ಕೆ ಸಹಿ ಹಾಕಲಿಲ್ಲ. ಭಾರತೀಯ ಮೂಲದವರೇ ಅದರ ಪರ, ವಿರೋಧ ಎರಡೂ ಬದಿಯಲ್ಲಿದ್ದರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕರಾವಳಿಯ ಕೊರಗ ಸಮುದಾಯವನ್ನೇ ನೋಡೋಣ. ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಲಾದ ಎರಡರಲ್ಲಿ ಕೊರಗರೂ ಒಬ್ಬರು, ಜೇನುಕುರುಬರು ಇನ್ನೊಬ್ಬರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗವಿದೆ. ನಮ್ಮ ಧರ್ಮಕೇಂದ್ರಗಳ ಯುವಜನರಲ್ಲಿ ಎಷ್ಟು ಮಂದಿ ಅತ್ತ ಯೋಚಿಸಿದ್ದಾರೆ? ಕೊರಗರ ಡೋಲು ಮೆರವಣಿಗೆಗೆ ಬೇಕು, ಅವರ ಚರಿತ್ರೆ ಪಾಠಕ್ಕೆ ಬೇಡ ಎಂದರೆ ಅಮೆರಿಕದ ಹಳೆಯ ಪಠ್ಯಪುಸ್ತಕಗಳನ್ನು ದೂರುವ ಹಕ್ಕು ನಮಗಿರುವುದಿಲ್ಲ.

ಸಮಾಜಕಾರ್ಯ ಓದುವ ನಮ್ಮ ಕಾಲೇಜು ವಿದ್ಯಾರ್ಥಿಗಳು ಇಲ್ಲಿಂದ ಆರಂಭಿಸಬಹುದು. ವಾಳೆಯ ಗುರಿಕಾರರು ಮತ್ತು ಯುವಜನರು ಒಟ್ಟು ಸೇರಿ, ಮುಂಬೈ, ಕುವೈಟ್, ಬಹ್ರೇನ್ ಎಂದು ದುಡಿದು ಬಂದ ಹಿರಿಯರ ಮಾತುಗಳನ್ನು ದಾಖಲಿಸಿಡಬಹುದು. ಹಾಗೆಯೇ ನಮ್ಮ ಹೊಲಗಳಲ್ಲಿ ದುಡಿದ ಒಕ್ಕಲುಗಳ, ಬೀಡಿ ಕಟ್ಟಿ ಮನೆ ನಡೆಸಿದ ತಾಯಂದಿರ ಮಾತುಗಳನ್ನೂ. ಇದಕ್ಕೆ ಅನುದಾನ ಬೇಡ. ಒಂದು ಮೊಬೈಲ್, ಒಂದು ನೋಟ್‌ಪುಸ್ತಕ, ಭಾನುವಾರದ ಎರಡು ಗಂಟೆ ಸಾಕು. ಕೇಳಿಸಿಕೊಳ್ಳಬೇಕಾದವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ ಎಂಬುದನ್ನು ಮಾತ್ರ ಮರೆಯಬಾರದು.

ಆ ಅಜ್ಜಿಗೆ ಈಗ ಏನು ಹೇಳೋಣ? ಈ ಓದು ಒಂದೇ ಸಾಲದು, ಜೊತೆಗೆ ಇನ್ನೊಂದು ಕಲಿಯಲಿ, ಸಂಬಳದ ಚಿಂತೆ ಮಾಡುವ ಅಪ್ಪನನ್ನು ತಪ್ಪು ತಿಳಿಯದಿರಲಿ ಎನ್ನುತ್ತೇವೆ. ಇದನ್ನು ಓದಿದವರು ಶಿಕ್ಷಕರಾಗುತ್ತಾರೆ, ವಕೀಲರಾಗುತ್ತಾರೆ, ಆಸ್ಪತ್ರೆಯಲ್ಲಿ ಭಾಷೆ ಬಾರದ ಮುದುಕಿಯ ಪಕ್ಕದಲ್ಲಿ ನಿಲ್ಲುವವರಾಗುತ್ತಾರೆ. ಆದರೆ ಮೊದಲ ಪಾಠಕ್ಕೆ ಆ ಹುಡುಗಿ ವಿಶ್ವವಿದ್ಯಾನಿಲಯಕ್ಕೆ ಹೋಗುವವರೆಗೆ ಕಾಯಬೇಕಿಲ್ಲ. ಮುಂದಿನ ರಜೆಗೆ ಬಂದಾಗ ಅಜ್ಜಿಯ ಪಕ್ಕದಲ್ಲಿ ಕುಳಿತು "ನಿಮ್ಮ ಕಾಲದಲ್ಲಿ ಹೇಗಿತ್ತು? ನಮ್ಮ ಮನೆಯಲ್ಲಿ ಯಾರು ದುಡಿಯುತ್ತಿದ್ದರು, ಅವರಿಗೆ ಏನು ಕೊಡುತ್ತಿದ್ದಿರಿ?" ಎಂದು ಕೇಳಲಿ. ಅಜ್ಜಿ ಮುಚ್ಚಿಡದೆ ಹೇಳಲಿ.